ಅಮಿಯೋಡರೋನ್ ಡ್ರಿಪ್: ಆಂಪೂಲಿನಿಂದ ಘಟ್ಟದ ದಾರಿಯವರೆಗೆ

ಹೃದಯದ ಲಯ ತಪ್ಪಿದಾಗ ಅದನ್ನು ಸರಿಪಡಿಸಲು ಕೊಡುವ ಅಮಿಯೋಡರೋನ್, ತಾಲೂಕು ಆಸ್ಪತ್ರೆಯ ಕ್ಯಾಜುವಲ್ಟಿಯಲ್ಲಿ ದಿನಾ ಕೈಗೆ ಬರುವ ಔಷಧ ಅಲ್ಲ. ಅಪರೂಪಕ್ಕೆ ಬೇಕಾಗುತ್ತದೆ, ಬೇಕಾದಾಗ ಗಡಿಬಿಡಿಯಲ್ಲೇ ಬೇಕಾಗುತ್ತದೆ. ಯಾವ ಬಾಟಲಿಗೆ ಬೆರೆಸಿದರು, ಎಷ್ಟು ಹೊತ್ತಿನಲ್ಲಿ ಬಿಟ್ಟರು, ಯಾವ ನರಕ್ಕೆ ಹಾಕಿದರು – ಎಡವುವುದು ಹೆಚ್ಚಾಗಿ ಇಲ್ಲಿಯೇ. ಕಾರವಾರ, ಕುಮಟಾ, ಶಿರಸಿ ಕಡೆಯವರಿಗೆ ಇದರ ಮೇಲೆ ಇನ್ನೊಂದು ತಾಪತ್ರಯ. ಡ್ರಿಪ್ ಹಾಕಿದ ಮೇಲೆ ರೋಗಿ ಇಲ್ಲೇ ಉಳಿಯುವುದು ಕಡಿಮೆ. ಹುಬ್ಬಳ್ಳಿಗೋ ಮಣಿಪಾಲಕ್ಕೋ ಗೋವಾಕ್ಕೋ ಆಂಬುಲೆನ್ಸ್ ಹತ್ತಿಸಬೇಕು. ಮಂಚದ ಪಕ್ಕ ಸರಿಯಾಗಿ ಓಡುತ್ತಿದ್ದ ಡ್ರಿಪ್ ದೇವಿಮನೆ ಘಟ್ಟದ ತಿರುವಿನಲ್ಲೂ ಹಾಗೆಯೇ ಓಡಬೇಕು.

ಡ್ಯೂಟಿ ಡಾಕ್ಟರು ಮತ್ತು ಸ್ಟಾಫ್ ನರ್ಸುಗಳನ್ನು ಕಣ್ಣಮುಂದೆ ಇಟ್ಟುಕೊಂಡು ಇದನ್ನು ಬರೆದಿದೆ. ಪ್ರಮಾಣಗಳೆಲ್ಲ ದೊಡ್ಡವರಿಗೆ ಸಂಬಂಧಿಸಿದವು. ನಮ್ಮಲ್ಲಿ ಸಿಗುವ ಸಾಮಾನ್ಯ ಆಂಪೂಲ್ 3 ಮಿ.ಲೀ.ನದು, ಅದರಲ್ಲಿ 150 ಮಿ.ಗ್ರಾಂ, ಅಂದರೆ ಮಿ.ಲೀ.ಗೆ 50. ಮುಂದಿನ ಲೆಕ್ಕವೆಲ್ಲ ಇದರ ಮೇಲೆಯೇ ನಿಂತಿದೆ, ಆದರೂ ಆಂಪೂಲಿನ ಮೇಲಿನ ಅಕ್ಷರ ಪ್ರತಿಸಲವೂ ಓದಿ. ಹಿಂದೆ ಅಮ್ರಿನೋನ್ ಎಂಬ ಬೇರೊಂದು ಹೃದಯದ ಇಂಜೆಕ್ಷನ್ ಇತ್ತು. ಅದಕ್ಕೂ ಇದಕ್ಕೂ ಹೆಸರು ಅದಲುಬದಲಾಗಿ ಅಪಾಯವಾಗುತ್ತದೆಂದು 2000ದಲ್ಲಿ ಅಮೆರಿಕದಲ್ಲಿ ಅದರ ಹೆಸರನ್ನೇ ಇನಾಮ್ರಿನೋನ್ ಎಂದು ಬದಲಿಸಬೇಕಾಯಿತು. ನಮ್ಮ ಕಪಾಟಿನಲ್ಲಿ ಅಮ್ರಿನೋನ್ ಇರಲಿಕ್ಕಿಲ್ಲ, ಉಬ್ಬಸಕ್ಕೆ ಕೊಡುವ ಅಮಿನೋಫಿಲಿನ್ ಮಾತ್ರ ಇದ್ದೇ ಇರುತ್ತದೆ. ಎರಡನ್ನೂ ಒಂದೇ ಟ್ರೇಯಲ್ಲಿ ಇಡಬೇಡಿ.

ಮೊದಲು ಇಸಿಜಿ, ಆಮೇಲೆ ಆಂಪೂಲ್

ನಾಡಿ ಸಿಗುತ್ತಿದೆ, ಬಡಿತ 150 ದಾಟಿದೆ, ಬಿಪಿ ಬಿದ್ದಿದೆ, ಮೈ ಬೆವರಿ ತಣ್ಣಗಾಗಿದೆ, ಮಾತು ತೊದಲುತ್ತಿದೆ ಅಥವಾ ಎದೆನೋವಿದೆ ಎಂದಾದರೆ ಅಮಿಯೋಡರೋನ್ ಹುಡುಕುತ್ತ ಕೂರಬೇಡಿ. ಡಿಫಿಬ್ರಿಲೇಟರಿನಲ್ಲಿ ಸಿಂಕ್ ಬಟನ್ (ಶಾಕನ್ನು ಬಡಿತದ ಜೊತೆ ಹೊಂದಿಸುವ ಗುಂಡಿ) ಒತ್ತಿ ಶಾಕ್ ಕೊಡುವುದೇ ಅಲ್ಲಿ ಚಿಕಿತ್ಸೆ. ಔಷಧ ಕೆಲಸ ಶುರುಮಾಡಲು ನಿಮಿಷಗಳು ಬೇಕು, ಅಷ್ಟರಲ್ಲಿ ಬಿಪಿಯನ್ನು ಇನ್ನಷ್ಟು ಇಳಿಸಿಯೂ ಬಿಡಬಹುದು.

ಬಿಪಿ ನಿಂತಿದೆ, ರೋಗಿ ಮಾತಾಡುತ್ತಿದ್ದಾನೆ, ಇಸಿಜಿಯಲ್ಲಿ, ಕೆಳಕೋಣೆಗಳ ಬಡಿತ ತೋರಿಸುವ, ಅಗಲದ ಕ್ಯೂಆರ್‌ಎಸ್ ಒಂದೇ ಲಯದಲ್ಲಿ ಓಡುತ್ತಿದೆ ಎಂದರೆ ಅದು ವಿ.ಟಿ. (ಹೃದಯದ ಕೆಳಕೋಣೆಯಿಂದ ಹುಟ್ಟುವ ಅತಿವೇಗದ ಬಡಿತ) ಎಂದೇ ಹಿಡಿದು ನಡೆಯಿರಿ. ಅಮಿಯೋಡರೋನ್ ಇಂಜೆಕ್ಷನ್ನಿಗೆ ಮುಖ್ಯವಾದ ಜಾಗ ಇದು. ಎರಡನೆಯದು, ಹೃದಯದ ಪಂಪಿಂಗ್ ಶಕ್ತಿ ಕುಂದಿದವರಿಗೆ ಏಟ್ರಿಯಲ್ ಫಿಬ್ರಿಲೇಶನ್ (ಮೇಲಿನ ಕೋಣೆಗಳ ಅಡ್ಡಾದಿಡ್ಡಿ ಬಡಿತ) ಬಂದು ಬಡಿತ ಮಿತಿಮೀರಿದಾಗ. ಅಂಥವರಿಗೆ ಬಡಿತ ಇಳಿಸುವ ಡಿಲ್ಟಿಯಾಜೆಮ್ ಕೊಡುವಂತಿಲ್ಲ. ಆದರೆ ಒಂದು ಪ್ರಶ್ನೆ ಬಿಡಬೇಡಿ: "ಈ ಎದೆ ಡವಡವ ಯಾವಾಗಿಂದ?" 48 ಗಂಟೆ ಮೀರಿದ್ದರೆ, ಅಥವಾ ಯಾವಾಗಿಂದ ಎಂದು ಮನೆಯವರಿಗೂ ಗೊತ್ತಿಲ್ಲದಿದ್ದರೆ, ಹೃದಯದ ಮೇಲಿನ ಕೋಣೆಯಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಅಮಿಯೋಡರೋನ್ ಲಯವನ್ನು ಸರಿಪಡಿಸಿಬಿಟ್ಟರೆ ಆ ಹೆಪ್ಪು ಮೆದುಳಿಗೆ ಹಾರಬಹುದು. ಹೆಪ್ಪುರೋಧಕದ ವಿಚಾರ ಮೊದಲು ಹೃದಯತಜ್ಞರ ಹತ್ತಿರ ಮಾತಾಡಿ.

ಕೊಡಲೇಬಾರದ ಇಸಿಜಿಗಳು ಮೂರು. ಲಯ ಚೂರೂ ಕೂಡಿಬರದೆ, ಕ್ಯೂಆರ್‌ಎಸ್ ಒಂದೊಂದು ಒಂದೊಂದು ಅಗಲವಿದ್ದು, ಬಡಿತ 200ರ ಆಚೆ ಓಡುತ್ತಿದ್ದರೆ ಡಬ್ಲ್ಯೂಪಿಡಬ್ಲ್ಯೂ (ಹೃದಯದಲ್ಲಿ ಹುಟ್ಟಿನಿಂದಲೇ ಒಂದು ಹೆಚ್ಚುವರಿ ವಿದ್ಯುತ್ ದಾರಿ ಇರುವ ಸ್ಥಿತಿ) ಜೊತೆಗಿನ ಫಿಬ್ರಿಲೇಶನ್ ಇರಬಹುದು. ಇಲ್ಲಿ ಅಮಿಯೋಡರೋನ್ ಇಂಜೆಕ್ಷನ್ ರೋಗಿಯನ್ನು ವಿ.ಎಫ್.ಗೆ (ಕೆಳಕೋಣೆಗಳು ಬರೇ ಅದುರಿ ರಕ್ತ ಪಂಪ್ ಆಗದ ಸ್ಥಿತಿಗೆ) ತಳ್ಳಬಹುದು. ಕ್ಯೂಟಿ (ಒಂದು ಬಡಿತ ಶುರುವಾಗಿ ಹೃದಯ ಮತ್ತೆ ಸಜ್ಜಾಗುವವರೆಗಿನ ಅವಧಿ) ಉದ್ದವಾಗಿ, ಕ್ಯೂಆರ್‌ಎಸ್ ರಿಬ್ಬನ್ ತಿರುಚಿದ ಹಾಗೆ ಮೇಲೆ ಕೆಳಗೆ ಸುತ್ತುತ್ತಿದ್ದರೆ ಅದು ಟಾರ್ಸಾಡ್ ಎಂಬ ಬೇರೆ ಬಗೆಯ ವಿ.ಟಿ. ಅದಕ್ಕೆ ಮೆಗ್ನೀಷಿಯಂ ಸಲ್ಫೇಟ್ 2 ಗ್ರಾಂ. ಅಮಿಯೋಡರೋನ್ ಕ್ಯೂಟಿಯನ್ನು ಇನ್ನೂ ಎಳೆಯುತ್ತದೆ. ಪೇಸ್‌ಮೇಕರ್ ಇಲ್ಲದ ಎರಡನೇ, ಮೂರನೇ ಡಿಗ್ರಿ ಹಾರ್ಟ್ ಬ್ಲಾಕ್ (ಮೇಲಿನ ಕೋಣೆಯ ಬಡಿತದ ಸಂಕೇತ ಕೆಳಗೆ ಸರಿಯಾಗಿ ತಲುಪದಿರುವುದು) ಮೂರನೆಯದು. ಇವುಗಳ ಜೊತೆಗೆ ಅಯೋಡಿನ್ ಅಲರ್ಜಿ ಕೇಳಿಕೊಳ್ಳಿ. ಈ ಔಷಧದ ತೂಕದಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು, ಸುಮಾರು ಶೇ. 37ರಷ್ಟು, ಅಯೋಡಿನ್ನೇ. ಹೆಚ್ಚಿನ ಆಂಪೂಲುಗಳಲ್ಲಿ ಬೆಂಜೈಲ್ ಆಲ್ಕೋಹಾಲ್ ಇರುತ್ತದೆ, ಆದ್ದರಿಂದ ನವಜಾತ ಶಿಶುವಿನ ಮಾತು ಬಂದರೆ ತಜ್ಞರನ್ನು ಕೇಳದೆ ಮುಟ್ಟಬೇಡಿ.

ಸಾಧ್ಯವಾದರೆ ಪೊಟ್ಯಾಷಿಯಂ ನೋಡಿ. ವಾಂತಿಭೇದಿ ಆಗಿ ಬಂದವರು, ಮೂತ್ರ ಹೆಚ್ಚಿಸುವ ಲ್ಯಾಸಿಕ್ಸ್ ಗುಳಿಗೆ ತಿನ್ನುವವರು – ಇವರಲ್ಲಿ ಪೊಟ್ಯಾಷಿಯಂ, ಮೆಗ್ನೀಷಿಯಂ ಎರಡೂ ತಳ ಸೇರಿರುತ್ತವೆ. ಅದನ್ನು ತುಂಬದೆ ಎಷ್ಟು ಆಂಪೂಲ್ ಹಾಕಿದರೂ ವಿ.ಟಿ. ಮತ್ತೆ ಮತ್ತೆ ಬರುತ್ತದೆ, ಟಾರ್ಸಾಡ್‌ನ ಭಯವೂ ಹೆಚ್ಚು.

ಮನೆಯವರನ್ನು ಮಾತ್ರೆ ಚೀಟಿ ತರಲು ಕಳಿಸಿ. "ರಕ್ತ ತೆಳು ಮಾಡೋ ಗುಳಿಗೆ" ಎಂದರೆ ಆಸ್ಪಿರಿನ್ನೂ ಆಗಬಹುದು, ವಾರ್ಫರಿನ್ನೂ ಆಗಬಹುದು. ವಾಲ್ವ್ ಆಪರೇಷನ್ ಆದವರಲ್ಲಿ ವಾರ್ಫರಿನ್ ಇರುವ ಸಂಭವವೇ ಹೆಚ್ಚು. ಅಮಿಯೋಡರೋನ್ ಸೇರಿದ ಮೇಲೆ ವಾರ್ಫರಿನ್ ಪ್ರಮಾಣವನ್ನು ಮೂರನೇ ಒಂದರಿಂದ ಅರ್ಧದಷ್ಟು ಇಳಿಸಿ, ರಕ್ತ ಎಷ್ಟು ಹೊತ್ತಿಗೆ ಹೆಪ್ಪುಗಟ್ಟುತ್ತದೆ ಎಂದು ತೋರಿಸುವ ಐಎನ್‌ಆರ್ ಮೇಲಿಂದ ಮೇಲೆ ನೋಡಬೇಕು, ಡಿಗಾಕ್ಸಿನ್ ಅರ್ಧಕ್ಕೆ ಇಳಿಸಬೇಕು ಅಥವಾ ನಿಲ್ಲಿಸಬೇಕು. ಸಿಮ್ವಾಸ್ಟಾಟಿನ್ ದಿನಕ್ಕೆ 20 ಮಿ.ಗ್ರಾಂ ದಾಟಬಾರದು. ಹೆಪಟೈಟಿಸ್ ಸಿ ರೋಗಕ್ಕೆ ಸೊಫೋಸ್‌ಬುವಿರ್ ತಗೊಳ್ಳುತ್ತಿದ್ದರೆ ಬಡಿತ ಅಪಾಯದ ಮಟ್ಟಕ್ಕೆ ಇಳಿಯಬಹುದು.

ಬೆರೆಸುವುದು: ಡೆಕ್ಸ್‌ಟ್ರೋಸ್, ಬೇರೇನೂ ಅಲ್ಲ

ಅಮಿಯೋಡರೋನ್ ಬೆರೆಸಲು 5 ಪರ್ಸೆಂಟ್ ಡೆಕ್ಸ್‌ಟ್ರೋಸ್, ನಾವು ಡಿ5 ಎನ್ನುವ ಬಾಟಲಿ. ನಾರ್ಮಲ್ ಸಲೈನಿಗೆ ಬೆರೆಸಬೇಡಿ, ಔಷಧ ಕರಗದೆ ಬೇರ್ಪಡಬಹುದು. ಗಡಿಬಿಡಿಯಲ್ಲಿ ಕೈ ಹೋಗುವುದು ಮಾತ್ರ ಸಲೈನಿಗೇ, ಯಾಕೆಂದರೆ 100 ಮಿ.ಲೀ. ಬಾಟಲಿ ಎಂದರೆ ವಾರ್ಡಿನಲ್ಲಿ ಸಾಮಾನ್ಯವಾಗಿ ಅದೇ ಇರುತ್ತದೆ. ಇನ್ನೊಂದು ತಪ್ಪು ಒಳ್ಳೆಯ ಮನಸ್ಸಿನಿಂದ ಆಗುವಂಥದ್ದು: "ಶುಗರ್ ಪೇಶಂಟ್, ಡಿ5 ಬೇಡ" ಎಂದು ಸಲೈನ್ ಹಾಕುವುದು. 500 ಮಿ.ಲೀ. ಡಿ5ನಲ್ಲಿ ಇರುವುದು 25 ಗ್ರಾಂ ಸಕ್ಕರೆ, ಅದೂ 24 ಗಂಟೆಗೆ ಹರಡಿ ಹೋಗುತ್ತದೆ. ಶುಗರ್ ನೋಡುತ್ತಿರಿ, ಏರಿದರೆ ಇನ್ಸುಲಿನ್ ಕೊಡಿ, ಬಾಟಲಿ ಬದಲಿಸಬೇಡಿ.

ಮೊದಲ ಡೋಸ್ ಒಂದು ಆಂಪೂಲ್. 150 ಮಿ.ಗ್ರಾಂ ಅನ್ನು 100 ಮಿ.ಲೀ. ಡಿ5ಗೆ ಬೆರೆಸಿ 10 ನಿಮಿಷದಲ್ಲಿ ಬಿಡಬೇಕು. ಇನ್ಫ್ಯೂಷನ್ ಪಂಪ್ ಇದ್ದರೆ ಗಂಟೆಗೆ 600 ಮಿ.ಲೀ. ಎಂದು ಹಾಕಿ. ಪಂಪ್ ಇಲ್ಲದಿದ್ದರೆ ಬಾಟಲಿಯ 50 ಮಿ.ಲೀ. ಗುರುತಿನ ಹತ್ತಿರ ಒಂದು ಪ್ಲಾಸ್ಟರ್ ತುಂಡು ಅಂಟಿಸಿ, ಗಡಿಯಾರ ನೋಡಿ: ನೀರು ಆ ಗುರುತಿಗೆ ಬರುವಾಗ 5 ನಿಮಿಷ ಆಗಿರಬೇಕು. 100ರ ಡಿ5 ಸಿಗದಿದ್ದರೆ 50 ಮಿ.ಲೀ. ಸಿರಿಂಜಿಗೆ 47 ಮಿ.ಲೀ. ಡಿ5 ಎಳೆದು ಆಂಪೂಲ್ ಸೇರಿಸಿ, ನಿಮಿಷಕ್ಕೆ 5 ಮಿ.ಲೀ. ಹಾಗೆ ಕೊಡಿ, ಸಿರಿಂಜ್ ಪಂಪಿನಲ್ಲಾದರೆ ಗಂಟೆಗೆ 300. ಕೈಯಿಂದ ಕೊಡುವಾಗ ಒಬ್ಬರು ಸಿರಿಂಜ್, ಇನ್ನೊಬ್ಬರು ಗಡಿಯಾರ. ಇಬ್ಬರ ಕೆಲಸ ಒಬ್ಬರು ಮಾಡಿದರೆ 10 ನಿಮಿಷದ್ದು 3 ನಿಮಿಷಕ್ಕೇ ಮುಗಿದಿರುತ್ತದೆ, ಬಿಪಿಯೂ ಅದರ ಜೊತೆ ಕೆಳಗಿಳಿದಿರುತ್ತದೆ.

ಆಮೇಲೆ ದೊಡ್ಡ ಬಾಟಲಿ. 500 ಮಿ.ಲೀ. ಡಿ5ನಿಂದ ಮೊದಲು 18 ಮಿ.ಲೀ. ಹೊರಗೆ ಎಳೆದು ಚೆಲ್ಲಿ, 6 ಆಂಪೂಲ್ (18 ಮಿ.ಲೀ., 900 ಮಿ.ಗ್ರಾಂ) ಒಳಗೆ ಹಾಕಿ. ಈಗ ಮಿ.ಲೀ.ಗೆ 1.8 ಮಿ.ಗ್ರಾಂ. ಬಾಟಲಿಯನ್ನು ನಾಲ್ಕೈದು ಸಲ ಮೆಲ್ಲಗೆ ತಲೆಕೆಳಗೆ ಮಾಡಿ. ಜೋರಾಗಿ ಕುಲುಕಿದರೆ ನೊರೆ ಬರುತ್ತದೆ. ಮೊದಲ 6 ಗಂಟೆ ನಿಮಿಷಕ್ಕೆ 1 ಮಿ.ಗ್ರಾಂ, ಅಂದರೆ ಗಂಟೆಗೆ 33 ಮಿ.ಲೀ. ಮುಂದಿನ 18 ಗಂಟೆ ನಿಮಿಷಕ್ಕೆ ಅರ್ಧ ಮಿ.ಗ್ರಾಂ, ಗಂಟೆಗೆ 16 ರಿಂದ 17 ಮಿ.ಲೀ. ಕೂಡಿಸಿ ನೋಡಿ: 150, 360, 540. ದಿನಕ್ಕೆ 1050 ಮಿ.ಗ್ರಾಂ, ಏಳು ಆಂಪೂಲ್. ನಡುವೆ ವಿ.ಟಿ. ಮತ್ತೆ ಬಂದರೆ ಇನ್ನೊಂದು 150ನ್ನು ಅದೇ 10 ನಿಮಿಷದ ಕ್ರಮದಲ್ಲಿ ಕೊಡಬಹುದು. ಎಲ್ಲ ಸೇರಿ 24 ಗಂಟೆಗೆ 2.2 ಗ್ರಾಂ ದಾಟಬಾರದು.

ತುಂಬಾ ತೆಳುವಾಗಿ ಬೆರೆಸುವುದೂ ತಪ್ಪೇ. 500 ಮಿ.ಲೀ.ಗೆ ಎರಡು ಆಂಪೂಲಿಗಿಂತ ಕಡಿಮೆ ಹಾಕಿದರೆ ದ್ರಾವಣ ಸ್ಥಿರವಾಗಿ ನಿಲ್ಲುವುದಿಲ್ಲ. "ಒಂದೇ ಆಂಪೂಲ್ ಇದೆ, ಅರ್ಧ ಲೀಟರಿಗೆ ಹಾಕಿ ಮೆಲ್ಲಗೆ ಬಿಡೋಣ" ಎನ್ನುವ ಉಪಾಯ ಬೇಡ.

ಎರಡು ಗಂಟೆಗಿಂತ ಹೆಚ್ಚು ಓಡುವ ಡ್ರಿಪ್ಪಿಗೆ ಮೆತ್ತನೆಯ ಪಿವಿಸಿ ಬ್ಯಾಗ್ ಬೇಡ, ಔಷಧ ಅದರ ಗೋಡೆಗೆ ಅಂಟಿಕೊಳ್ಳುತ್ತದೆ. ಗಾಜಿನದು ಅಥವಾ ಲೇಬಲ್ಲಿನಲ್ಲಿ ಪಾಲಿಥಿನ್, ಪಾಲಿಪ್ರೊಪಿಲೀನ್ ಎಂದಿರುವ ಬಾಟಲಿ ಆಗುತ್ತದೆ. ಡ್ರಿಪ್ ಸೆಟ್ಟಿನ ನಳಿಗೆ ಪಿವಿಸಿ ಆಗಿದ್ದರೆ ಚಿಂತೆ ಬೇಡ. ಅಲ್ಲಿ ಕಳೆದುಹೋಗುವುದನ್ನು ಲೆಕ್ಕಕ್ಕೆ ಹಿಡಿದೇ ಈ ಪ್ರಮಾಣ ಹೇಳಿರುವುದು.

ಅದೇ ಲೈನಿನಲ್ಲಿ ಹೆಪಾರಿನ್, ಸೋಡಾಬೈಕಾರ್ಬ್, ಅಮಿನೋಫಿಲಿನ್, ಲ್ಯಾಸಿಕ್ಸ್ ಬಿಡಬೇಡಿ. ನಳಿಗೆಯೊಳಗೆ ಹಾಲಿನ ಬಣ್ಣ ಕಂಡರೆ ಮುಗಿಯಿತು, ಸೆಟ್ಟನ್ನೇ ಬದಲಿಸಿ. ಇದಕ್ಕೊಂದು ಕೈ, ಉಳಿದದ್ದಕ್ಕೆಲ್ಲ ಇನ್ನೊಂದು ಕೈ ಎಂದು ಆರಂಭದಲ್ಲೇ ಎರಡು ಲೈನ್ ಹಾಕಿಕೊಂಡರೆ ತಲೆಬಿಸಿ ಇಲ್ಲ.

ಹನಿ ಎಣಿಸಿದರೆ ಡೋಸ್ ಕಡಿಮೆ

ಇಷ್ಟು ಸರಿಮಾಡಿ ಕೊನೆಗೆ ಹನಿ ಎಣಿಸಿ ಬಿಟ್ಟರೆ ಎಲ್ಲ ನೀರಿನಲ್ಲಿ ಹೋಮ. ಅಮಿಯೋಡರೋನ್ ನೀರಿನಲ್ಲಿ ಸುಲಭಕ್ಕೆ ಕರಗದ ಔಷಧ. ಅದನ್ನು ಕರಗಿಸಿಡಲು ಆಂಪೂಲಿನಲ್ಲಿ ಪಾಲಿಸಾರ್ಬೇಟ್ 80 ಸೇರಿಸಿರುತ್ತಾರೆ, ಸೋಪಿನ ಜಾತಿಯ ವಸ್ತು. ಸೋಪು ನೀರಿನ ಹನಿ ಹೇಗೆ ಸಣ್ಣದಾಗಿ ಬೀಳುತ್ತದೋ ಹಾಗೆಯೇ ಈ ಬಾಟಲಿಯ ಹನಿಯೂ ಸಣ್ಣದು. ಮೈಕ್ರೋಡ್ರಿಪ್ ಸೆಟ್ಟಿನಲ್ಲಿ 60 ಹನಿಗೆ 1 ಮಿ.ಲೀ. ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಹನಿ ಎಣಿಸಿದರೆ ರೋಗಿಗೆ ಸೇರುವ ಔಷಧ ಶೇ. 30ರಷ್ಟು ಕಡಿಮೆಯಾಗಬಹುದು. ರಾತ್ರಿಯಿಡೀ ಸರಿಯಾಗಿ ಓಡಿದಂತೆ ಕಾಣುವ ಡ್ರಿಪ್, ಬೆಳಿಗ್ಗೆ ನೋಡಿದರೆ ಬಾಟಲಿಯಲ್ಲಿ ಬೇಕಾದ್ದಕ್ಕಿಂತ ಹೆಚ್ಚು ಉಳಿದಿರುತ್ತದೆ, ವಿ.ಟಿ.ಯೂ ಮರಳಿರುತ್ತದೆ. ಆಗ "ಅಮಿಯೋಡರೋನ್ ಹಿಡಿಯಲಿಲ್ಲ" ಎಂದು ಬರೆದುಬಿಡುತ್ತಾರೆ.

ಆದ್ದರಿಂದ ಪಂಪ್ ಇದ್ದ ಕಡೆ ಪಂಪೇ. ಇಲ್ಲದ ಕಡೆ ಬ್ಯುರೆಟ್ ಸೆಟ್ (ಮಿ.ಲೀ. ಗೆರೆಗಳಿರುವ ಅಳತೆ ಕೊಳವೆ ಸೇರಿದ ಮೈಕ್ರೋಡ್ರಿಪ್ ಸೆಟ್). ಬ್ಯುರೆಟ್ಟಿಗೆ ಒಂದು ಗಂಟೆಯ ಪಾಲು ಮಾತ್ರ, 33 ಮಿ.ಲೀ., ಇಳಿಸಿಕೊಂಡು ಮೇಲಿನ ಕ್ಲ್ಯಾಂಪ್ ಮುಚ್ಚಿ. ಶುರುವಿಗೆ ನಿಮಿಷಕ್ಕೆ 33 ಹನಿ ಇಡಿ. ಅರ್ಧ ಗಂಟೆ ಆದ ಮೇಲೆ ಹನಿ ಬಿಟ್ಟು ಬ್ಯುರೆಟ್ಟಿನ ಗೆರೆ ನೋಡಿ. 16 ಮಿ.ಲೀ. ಇಳಿಯಬೇಕಿತ್ತು. 11 ಅಥವಾ 12 ಮಾತ್ರ ಇಳಿದಿದ್ದರೆ ಹನಿಯ ಮೋಸ ಗೊತ್ತಾಯಿತಲ್ಲ. ರೋಲರನ್ನು ಸ್ವಲ್ಪ ಸಡಿಲಿಸಿ ಮತ್ತೆ ಕಾಲು ಗಂಟೆಗೆ ನೋಡಿ. ಒಮ್ಮೆ ವೇಗ ಹೊಂದಿದ ಮೇಲೂ ಪ್ರತಿ ಗಂಟೆ ಮಿ.ಲೀ.ಯನ್ನೇ ಕೇಸ್ ಶೀಟಿನಲ್ಲಿ ಬರೆಯಿರಿ. ಬ್ಯುರೆಟ್ಟಿನ ಇನ್ನೊಂದು ಉಪಕಾರ: ರೋಲರ್ ಪೂರ್ತಿ ಸಡಿಲಾಗಿ ಹೋದರೂ ಒಳಗೆ ಹೋಗುವುದು 60 ಮಿ.ಗ್ರಾಂ ಅಷ್ಟೇ, 900 ಅಲ್ಲ.

ನರ, ಬಿಪಿ, ನಾಡಿ

ಅಂಗೈ ಹಿಂದಿನ ಸಣ್ಣ ನರ ಇದಕ್ಕೆ ಸಲ್ಲ. ಮುಂಗೈ ಮೇಲ್ಭಾಗದ ಅಥವಾ ಮೊಣಕೈ ಮಡಿಕೆಯ ದೊಡ್ಡ ನರಕ್ಕೆ ಹಸಿರು ಬಣ್ಣದ 18 ನಂಬರ್ ಕ್ಯಾನುಲಾ ಹಾಕಿ. ಒಂದು ಗಂಟೆ ಮೀರಿ ಓಡುವ ಡ್ರಿಪ್ ಕೈ ನರದಲ್ಲಿ ಮಿ.ಲೀ.ಗೆ 2 ಮಿ.ಗ್ರಾಂ ದಾಟಬಾರದು. ಐಸಿಯುಗಳಲ್ಲಿ 6 ಮಿ.ಲೀ. ಔಷಧಕ್ಕೆ 44 ಮಿ.ಲೀ. ಡಿ5 ಸೇರಿಸಿ ಸಿರಿಂಜ್ ಪಂಪಿಗೆ ಹಾಕುತ್ತಾರೆ. ಅದು ಮಿ.ಲೀ.ಗೆ 6 ಮಿ.ಗ್ರಾಂ, ಸೆಂಟ್ರಲ್ ಲೈನ್ (ಕುತ್ತಿಗೆ ಅಥವಾ ಎದೆಯ ದೊಡ್ಡ ರಕ್ತನಾಳಕ್ಕೆ ಹಾಕಿದ ನಳಿಗೆ) ಇದ್ದವರಿಗೆ ಮಾತ್ರ. ಅಲ್ಲಿ ನೋಡಿದ್ದನ್ನು ಇಲ್ಲಿ ಕೈ ನರಕ್ಕೆ ಮಾಡಿದರೆ ಮರುದಿನ ನರ ಹಗ್ಗದ ಹಾಗೆ ಗಟ್ಟಿಯಾಗಿ ಕೆಂಪಗಾಗಿರುತ್ತದೆ.

ಗಂಟೆಗೊಮ್ಮೆ ಪ್ಲಾಸ್ಟರ್ ಸುತ್ತಲಿನ ಚರ್ಮ ಮುಟ್ಟಿ ನೋಡಿ, "ಅಜ್ಜಾ, ಕೈ ಉರಿತದಾ?" ಎಂದು ಕೇಳಿ. ಕೇಳದಿದ್ದರೆ ಎಷ್ಟೋ ಜನ ಹೇಳುವುದೇ ಇಲ್ಲ, ಇಂಜೆಕ್ಷನ್ ಅಂದಮೇಲೆ ಉರಿಯುವುದೇ ಎಂದು ಸುಮ್ಮನಿರುತ್ತಾರೆ. ಊದಿದ್ದರೆ ಡ್ರಿಪ್ ನಿಲ್ಲಿಸಿ, ಕ್ಯಾನುಲಾದಲ್ಲೇ ಹಿಂದಕ್ಕೆ ಎಷ್ಟು ಬರುತ್ತದೋ ಅಷ್ಟು ಎಳೆದು, ಆಮೇಲೆ ಕ್ಯಾನುಲಾ ತೆಗೆಯಿರಿ. ಫ್ಲಶ್ ಮಾಡಬೇಡಿ. ಊತದ ಅಂಚಿಗೆ ಪೆನ್ನಿನಲ್ಲಿ ಗೆರೆ ಹಾಕಿ, ಕೈಯನ್ನು ದಿಂಬಿನ ಮೇಲೆ ಎತ್ತಿಡಿ, ಡ್ರಿಪ್ಪನ್ನು ಇನ್ನೊಂದು ಕೈಗೆ ಬದಲಿಸಿ.

ಎಲ್ಲಕ್ಕಿಂತ ಹೆಚ್ಚು ಎದುರಾಗುವ ತೊಂದರೆ ಬಿಪಿ ಇಳಿಯುವುದು. ಕಾರಣ ಔಷಧವೂ ಹೌದು, ಜೊತೆಗಿರುವ ಪಾಲಿಸಾರ್ಬೇಟೂ ಹೌದು, ಮುಖ್ಯವಾಗಿ ವೇಗ. ಮೊದಲ ಡೋಸ್ ಹೋಗುವಾಗ 2 ನಿಮಿಷಕ್ಕೊಮ್ಮೆ, ಮೊದಲ ಒಂದು ಗಂಟೆ 5 ರಿಂದ 10 ನಿಮಿಷಕ್ಕೊಮ್ಮೆ ಬಿಪಿ ನೋಡಿ. ಮೇಲಿನ ಬಿಪಿ 90ಕ್ಕಿಂತ ಕೆಳಗೆ ಬಂದರೆ ಮೊದಲು ರೋಲರ್ ಮುಚ್ಚಿ, ಕಾಲು ಎತ್ತಿಡಿ, ಡಾಕ್ಟರನ್ನು ಕರೆಯಿರಿ. ಶ್ವಾಸಕೋಶದಲ್ಲಿ ನೀರಿಲ್ಲದಿದ್ದರೆ ಇನ್ನೊಂದು ಕೈಯಿಂದ ಸ್ವಲ್ಪ ಸಲೈನ್, ಆಗಲೂ ಏರದಿದ್ದರೆ ಬಿಪಿ ಏರಿಸುವ ನಾರ್‌ಅಡ್ರಿನಲಿನ್. ಬಿಪಿ ಇಳಿದಿದ್ದು ಔಷಧದಿಂದಲೋ ವಿ.ಟಿ. ಮುಂದುವರಿದಿದ್ದರಿಂದಲೋ ಎಂದು ಮಾನಿಟರ್ ನೋಡಿ ತೀರ್ಮಾನಿಸಿ. ಎರಡನೆಯದಾದರೆ ಉತ್ತರ ಶಾಕ್.

ನಾಡಿ 50ರ ಕೆಳಗಿಳಿದರೆ ನಿಲ್ಲಿಸಿ ಇಸಿಜಿ ತೆಗೆಯಿರಿ, ಬಡಿತ ಏರಿಸುವ ಅಟ್ರೋಪಿನ್ ತಯಾರಿಟ್ಟುಕೊಳ್ಳಿ. ಕ್ಯೂಟಿಸಿ (ಬಡಿತದ ವೇಗಕ್ಕೆ ಹೊಂದಿಸಿದ ಕ್ಯೂಟಿ) 500 ಮಿಲಿಸೆಕೆಂಡ್ ದಾಟಿದ್ದರೆ ಹೃದಯತಜ್ಞರನ್ನು ಕೇಳದೆ ಮುಂದುವರಿಸಬೇಡಿ. ಡಿಲ್ಟಿಯಾಜೆಮ್, ಮೆಟೊಪ್ರೊಲಾಲ್ ಇಂಜೆಕ್ಷನ್ನುಗಳನ್ನು ಇದರ ಬೆನ್ನಿಗೇ ಕೊಟ್ಟರೆ ಹೃದಯ ತೀರಾ ನಿಧಾನವಾಗಿ ಹೋಗಬಹುದು.

ಹೃದಯ ನಿಂತಾಗ

ಇಲ್ಲಿ ಮೇಲಿನ ನಿಧಾನ ಯಾವುದೂ ಇಲ್ಲ. ವಿ.ಎಫ್. ಅಥವಾ ನಾಡಿ ಸಿಗದ ವಿ.ಟಿ. ಮೂರು ಶಾಕ್ ಕೊಟ್ಟರೂ ನಿಲ್ಲದಿದ್ದರೆ ಎರಡು ಆಂಪೂಲ್, 300 ಮಿ.ಗ್ರಾಂ, ನೇರವಾಗಿ ನರಕ್ಕೆ ತಳ್ಳಿ, ಹಿಂದೆಯೇ 20 ಮಿ.ಲೀ. ಫ್ಲಶ್, ಕೈ ಮೇಲೆತ್ತಿ. ಐದನೇ ಶಾಕ್ ಆದ ಮೇಲೂ ಬೇಕಾದರೆ ಇನ್ನೊಂದು ಆಂಪೂಲ್. ಆಂಪೂಲ್ ಒಡೆಯುವ ಹೊತ್ತಿನಲ್ಲಿ ಎದೆ ಒತ್ತುವುದು ನಿಲ್ಲಬಾರದು. ಆಸ್ಪತ್ರೆಯ ಹೊರಗೆ ಹೃದಯ ನಿಂತವರ ಮೇಲೆ ನಡೆದು 2016ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ, ಬದುಕಿ ಮನೆಗೆ ಹೋದವರ ಪ್ರಮಾಣದಲ್ಲಿ ಅಮಿಯೋಡರೋನ್ ಕೊಟ್ಟವರಿಗೂ ಕೊಡದವರಿಗೂ ಖಚಿತವೆನ್ನುವಂಥ ಅಂತರ ಒಟ್ಟಾರೆ ಕಂಡಿರಲಿಲ್ಲ. ಬೇಗ ಕೊಡುವ ಶಾಕ್ ಮತ್ತು ಬಿಡದೆ ಒತ್ತುವ ಕೈಗಳ ನಂತರವೇ ಇದರ ಸರದಿ. ಮಾನಿಟರಿನಲ್ಲಿ ನೇರ ಗೆರೆ ಇದ್ದರೆ ಈ ಇಂಜೆಕ್ಷನ್ನಿಗೆ ಅಲ್ಲಿ ಕೆಲಸವಿಲ್ಲ.

ಏಳು ಆಂಪೂಲ್ ಒಬ್ಬ ರೋಗಿಯ ಒಂದು ದಿನಕ್ಕೆ, ಮೂರು ಇಂಥ ಗಳಿಗೆಗೆ: ಹತ್ತಕ್ಕಿಂತ ಕಡಿಮೆ ಸ್ಟಾಕ್ ಇರದಂತೆ ನೋಡಿಕೊಳ್ಳಿ. ಪೇಟೆಯ ಮೆಡಿಕಲ್ ಶಾಪ್ ಬಾಗಿಲು ಹಾಕಿದ ಮೇಲೆ ಚೀಟಿ ಬರೆದು ಪ್ರಯೋಜನವಿಲ್ಲ. ಕರಾವಳಿಯ ಮೇ ತಿಂಗಳ ಸೆಕೆಯಲ್ಲಿ ಬಿಸಿಲಿಗೆ ನಿಂತ ಆಂಬುಲೆನ್ಸಿನ ಡಬ್ಬಿಯೊಳಗೆ ಆಂಪೂಲ್ ಬಿಡಬೇಡಿ. ರಟ್ಟಿನ ಪೆಟ್ಟಿಗೆಯಲ್ಲೇ, ತಣ್ಣನೆಯ ಜಾಗದಲ್ಲಿ ಇರಲಿ.

ಗಾಡಿ ಹತ್ತಿಸುವ ಮುಂಚೆ

ಮೊದಲ ಡೋಸ್ ಆಸ್ಪತ್ರೆಯಲ್ಲೇ ಮುಗಿಯಲಿ. ಗಾಡಿಯಲ್ಲಿ ಶುರುಮಾಡಿದರೆ ಬಿಪಿ ಬೀಳುವ ಹೊತ್ತಿಗೆ ನೀವು ಅರಬೈಲಿನ ಏರಿನಲ್ಲಿ ಇರುತ್ತೀರಿ, ಫೋನಿಗೆ ಸಿಗ್ನಲ್ ಇರುವುದಿಲ್ಲ. ಡೋಸ್ ಮುಗಿದ ಮೇಲೆ ಕಾಲು ಗಂಟೆಯಾದರೂ ನೋಡಿ, ಬಿಪಿ ನಿಂತಿದ್ದರೆ ಹೊರಡಿ.

ದಾರಿಯ ಲೆಕ್ಕ ಹಾಕಿ. ಶಿರಸಿಯಿಂದ ಹುಬ್ಬಳ್ಳಿ ಸುಮಾರು 100 ಕಿ.ಮೀ., ಎರಡೂವರೆ ಗಂಟೆ ಹಿಡಿದರೆ ಗಂಟೆಗೆ 33ರಂತೆ 83 ಮಿ.ಲೀ. ಸಾಕು. ಆದರೆ ಮಳೆಗಾಲದ ಲೆಕ್ಕ ಬೇರೆ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದಾಗ 66ನೇ ನಂಬರಿನ ರಾಷ್ಟ್ರೀಯ ಹೆದ್ದಾರಿ ದಿನಗಟ್ಟಲೆ ಮುಚ್ಚಿತ್ತು. ಯಾವ ದಾರಿ ತೆರೆದಿದೆ ಎಂದು ಡ್ರೈವರ್ ಹತ್ತಿರ ಕೇಳಿಯೇ ಯಾವ ಆಸ್ಪತ್ರೆ ಎಂದು ನಿಶ್ಚಯಿಸಿ, ಬೇಕಾದ ಹೊತ್ತಿನ ದುಪ್ಪಟ್ಟಿಗೆ ಸಾಕಾಗುವಷ್ಟು ಔಷಧ ಇಟ್ಟುಕೊಳ್ಳಿ.

ಪಂಪಿನ ಬ್ಯಾಟರಿ ಪ್ಲಗ್ ಕಿತ್ತು ಐದು ನಿಮಿಷ ಓಡಿಸಿ ನೋಡಿ. ಸದಾ ಗೋಡೆಗೆ ಸಿಕ್ಕಿಸಿಟ್ಟ ಪಂಪಿನ ಬ್ಯಾಟರಿ ಸತ್ತಿದ್ದರೂ ವಾರ್ಡಿನಲ್ಲಿ ತಿಳಿಯುವುದಿಲ್ಲ. ಬ್ಯುರೆಟ್ಟಿನಲ್ಲೇ ಹೋಗುವುದಾದರೆ ತಿರುವುಗಳಲ್ಲಿ ಬಾಟಲಿ ತೂಗಾಡಿ ಎತ್ತರ ಹೆಚ್ಚುಕಡಿಮೆಯಾದಾಗ ವೇಗವೂ ಬದಲಾಗುತ್ತದೆ. ಬಾಟಲಿಯನ್ನು ಮೇಲೂ ಕೆಳಗೂ ಎರಡು ಕಡೆ ಕಟ್ಟಿ, ಘಟ್ಟದ ಉದ್ದಕ್ಕೂ ಗೆರೆಯ ಮೇಲೆ ಕಣ್ಣಿಡಿ. ಡಿಫಿಬ್ರಿಲೇಟರಿನ ಪ್ಯಾಡ್ ಎದೆಗೆ ಅಂಟಿಸಿಯೇ ಹೊರಡಿ, ಗಾಡಿ ಓಡುವಾಗ ಅಂಗಿ ಬಿಚ್ಚಿ ಅಂಟಿಸುವ ಕೆಲಸ ಸುಲಭವಲ್ಲ.

ಜೊತೆಗೆ ಕಳಿಸುವ ಚೀಟಿಯಲ್ಲಿ "ಅಮಿಯೋಡರೋನ್ ಡ್ರಿಪ್ ಹಾಕಿದೆ" ಎಂದಷ್ಟೇ ಇದ್ದರೆ ಅಲ್ಲಿಯವರು ಮತ್ತೆ ಮೊದಲಿನಿಂದ 150 ಕೊಡುತ್ತಾರೆ, ದಿನದ ಲೆಕ್ಕ ಯಾರ ಕೈಗೂ ಸಿಗುವುದಿಲ್ಲ. ಹೀಗೆ ಬರೆಯಿರಿ: "4:10ರಿಂದ 4:20, 150 ಮಿ.ಗ್ರಾಂ. 4:25ರಿಂದ ನಿಮಿಷಕ್ಕೆ 1 ಮಿ.ಗ್ರಾಂ; 500 ಮಿ.ಲೀ. ಡಿ5ನಲ್ಲಿ 900, ಗಂಟೆಗೆ 33 ಮಿ.ಲೀ. ಹೊರಟಾಗ 5:25, ಬಾಟಲಿಯಲ್ಲಿ ಉಳಿದದ್ದು 467 ಮಿ.ಲೀ., ಈವರೆಗೆ ಒಟ್ಟು 210 ಮಿ.ಗ್ರಾಂ. ವೇಗ ಅರ್ಧಕ್ಕೆ ಇಳಿಸಬೇಕಾದ್ದು ರಾತ್ರಿ 10:25ಕ್ಕೆ. ಬೇರೆ ಔಷಧ: ವಾರ್ಫರಿನ್, ನಿನ್ನೆ ರಾತ್ರಿ ತಗೊಂಡಿದ್ದು." ಡೋಸಿಗೆ ಮುಂಚಿನ ಇಸಿಜಿಯನ್ನೂ ನಂತರದ್ದನ್ನೂ ಈ ಚೀಟಿಗೇ ಪಿನ್ ಮಾಡಿ. ಇದೇ ಲೆಕ್ಕವನ್ನು ಬಾಟಲಿಯ ಮೇಲೆ ಅಂಟಿಸಿದ ಪ್ಲಾಸ್ಟರಿನಲ್ಲೂ ಬರೆಯಿರಿ, ಯಾಕೆಂದರೆ ಫೈಲ್ ಮನೆಯವರ ಕೈಯಲ್ಲಿ ಹಿಂದಿನ ಕಾರಿನಲ್ಲಿ ಬರುತ್ತಿರುತ್ತದೆ, ಬಾಟಲಿ ಮಾತ್ರ ರೋಗಿಯ ಜೊತೆಗೇ ಇರುತ್ತದೆ.